ನಿಧಾನವಾದ ಲ್ಯಾಪ್‌ಟಾಪಿಗೆ ಹಣ ಹಾಕುವ ಮುನ್ನ ರೋಗ ಹುಡುಕುವುದು ಹೇಗೆ

ಏಳೆಂಟು ವರ್ಷ ದುಡಿದ ಲ್ಯಾಪ್‌ಟಾಪ್ ಗುಂಡಿ ಒತ್ತಿದ ಮೇಲೆ ಐದು ನಿಮಿಷ ಕಾಯಿಸಲು ಶುರುಮಾಡಿದರೆ ನೋಡಿದವರೆಲ್ಲ ಕೊಡುವ ಸಲಹೆ ಒಂದೇ: ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ. ಹವ್ಯಾಸಕ್ಕೆಂದು ಬಹಳ ವರ್ಷಗಳಿಂದ ಕಂಪ್ಯೂಟರ್‌ಗಳನ್ನು ಬಿಚ್ಚಿ ಜೋಡಿಸುತ್ತ ಬಂದಿರುವ ನನ್ನ ಅನುಭವದಲ್ಲಿ ಈ ಸಲಹೆ ಹೆಚ್ಚಿನ ಸಲ ತಪ್ಪಾಗಿರುತ್ತದೆ. ಬರವಣಿಗೆ, ಲೆಕ್ಕದ ಹಾಳೆ, ಇಮೇಲ್, ವಿಡಿಯೊ ನೋಡುವುದು ಇಷ್ಟೇ ಕೆಲಸವಾದರೆ 2013ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಇಂಟೆಲ್ ಕೋರ್ ಐ5 ಪ್ರೊಸೆಸರ್ ಇಂದಿಗೂ ಸಾಕು. ಹಾಗಿದ್ದೂ ಯಂತ್ರ ತೆವಳುತ್ತಿದೆ ಎಂದಾದರೆ ತಪ್ಪು ಸಾಮಾನ್ಯವಾಗಿ ನಾಲ್ಕು ಕಡೆಗಳಲ್ಲಿ ಒಂದರಲ್ಲಿರುತ್ತದೆ: ಡಿಸ್ಕ್, ರ‍್ಯಾಮ್ (ನಡೆಯುತ್ತಿರುವ ಕೆಲಸದ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ), ಬಿಸಿ ಅಥವಾ ಬ್ರೌಸರ್. ಯಾವುದರಲ್ಲಿ ಎಂದು ತಿಳಿಯಲು ಅರ್ಧ ಗಂಟೆ ಸಾಕು, ಮತ್ತು ಆ ಅರ್ಧ ಗಂಟೆ ಕಳೆಯದೆ ಒಂದು ಸ್ಕ್ರೂ ಕೂಡ ಬಿಚ್ಚಬಾರದು ಎಂಬುದು ನಾನು ಹಾಕಿಕೊಂಡಿರುವ ನಿಯಮ.

ಮೊದಲು ಈಗಿನ ಸ್ಥಿತಿಯನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಗುಂಡಿ ಒತ್ತಿದ ಕ್ಷಣದಿಂದ ಬ್ರೌಸರಿನಲ್ಲಿ ಒಂದು ಪುಟ ಪೂರ್ತಿ ತೆರೆದುಕೊಳ್ಳುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಫೋನಿನ ಸ್ಟಾಪ್‌ವಾಚ್ ಇಟ್ಟು ನೋಡಿ. ವಿಂಡೋಸಿನಲ್ಲಿ ಇದನ್ನು ಶಟ್ ಡೌನ್ ಮಾಡಿ ಅಳೆಯುವುದಕ್ಕಿಂತ ರೀಸ್ಟಾರ್ಟ್ ಮಾಡಿ ಅಳೆಯುವುದು ಸರಿ. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದಾಗ ಶಟ್ ಡೌನ್ ಎಂಬುದು ಅರೆನಿದ್ರೆ ಮಾತ್ರ, ರೀಸ್ಟಾರ್ಟ್ ಆದಾಗಲೇ ವ್ಯವಸ್ಥೆ ಮೊದಲಿನಿಂದ ಏಳುತ್ತದೆ. (ತಿಂಗಳುಗಟ್ಟಲೆ ಶಟ್ ಡೌನ್ ಮಾತ್ರ ಮಾಡುತ್ತ ಬಂದವರಿಗೆ ಈ ಒಂದು ರೀಸ್ಟಾರ್ಟಿನಿಂದಲೇ ಅರ್ಧ ರೋಗ ವಾಸಿಯಾದದ್ದನ್ನು ನಾನು ಕಂಡಿದ್ದೇನೆ.)

ಲಾಗಿನ್ ಆದ ತಕ್ಷಣ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ, ನೀವು ದಿನವೂ ಮಾಡುವ ಕೆಲಸಗಳನ್ನೇ ಮಾಡುತ್ತ ಆ ಗೆರೆಗಳನ್ನು ಹತ್ತು ನಿಮಿಷ ಗಮನಿಸಿ. ಲಿನಕ್ಸ್ ಬಳಸುವವರಿಗೆ ಎಚ್‌ಟಾಪ್ ಮತ್ತು ಐಒಟಾಪ್ ಇದೇ ಮಾಹಿತಿ ಕೊಡುತ್ತವೆ. ಪ್ರೊಸೆಸರ್ ಶೇ 10ರಲ್ಲಿ ಆರಾಮವಾಗಿದ್ದು ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿದ್ದರೆ ರೋಗ ಡಿಸ್ಕಿನದು. ನಾಲ್ಕೈದು ಟ್ಯಾಬ್ ತೆರೆಯುವಷ್ಟರಲ್ಲಿ ಮೆಮೊರಿ ಶೇ 90 ದಾಟಿ, ಆಮೇಲೆ ಡಿಸ್ಕ್ ಕೂಡ ಒದ್ದಾಡಲು ತೊಡಗಿದರೆ ರೋಗ ರ‍್ಯಾಮಿನದು. ಜಾಗ ಸಾಲದೆ ವ್ಯವಸ್ಥೆ ರ‍್ಯಾಮಿನಲ್ಲಿರಬೇಕಾದದ್ದನ್ನು ಡಿಸ್ಕಿಗೆ ಸಾಗಿಸುತ್ತಿರುತ್ತದೆ, ಡಿಸ್ಕಿನ ಪರದಾಟ ಅದರ ಪರಿಣಾಮ ಮಾತ್ರ. ಪ್ರೊಸೆಸರ್ ಶೇ 100 ತೋರಿಸುತ್ತಿದ್ದು, ಅದರ ಕೆಳಗೆ ಬರೆದಿರುವ ವೇಗ ಮೂಲ ವೇಗಕ್ಕಿಂತ ಬಹಳ ಕೆಳಗೆ ಇಳಿದಿದ್ದರೆ ಅದು ಬಿಸಿಯ ಲಕ್ಷಣ. ಅಪರೂಪಕ್ಕೆ ಚಾರ್ಜರಿನ ಲಕ್ಷಣವೂ ಆಗಿರಬಹುದು: ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಚಾರ್ಜರ್ ಸಿಕ್ಕಿಸಿದಾಗ ಪ್ರೊಸೆಸರಿನ ವೇಗವನ್ನು ತಾವಾಗಿಯೇ ತಗ್ಗಿಸಿಬಿಡುತ್ತವೆ. ಇವು ಯಾವುವೂ ಕಾಣದೆ, ಬ್ರೌಸರ್ ತೆರೆದಾಗ ಮಾತ್ರ ತೊಂದರೆ ಎಂದಾದರೆ ಯಂತ್ರಾಂಶಕ್ಕೆ ಹಣ ಹಾಕುವ ಅಗತ್ಯವೇ ಇಲ್ಲ.

ನನ್ನ ಕೈಗೆ ಬಂದ ಹಳೆಯ ಯಂತ್ರಗಳಲ್ಲಿ ಹೆಚ್ಚಿನವುಗಳ ರೋಗ ಡಿಸ್ಕಿನದೇ ಆಗಿದ್ದುದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತಲೆಯನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿ ಚದುರಿಬಿದ್ದ ಸಣ್ಣ ಸಣ್ಣ ಓದುಗಳನ್ನು ಇಂಥ ಡಿಸ್ಕ್ ಸೆಕೆಂಡಿಗೆ 60ರಿಂದ 70ರಷ್ಟು ಮಾತ್ರ ಪೂರೈಸಬಲ್ಲದು. ಕಂಪ್ಯೂಟರ್ ಏಳುವಾಗ ನಡೆಯುವುದು ಸಾವಿರಾರು ಸಣ್ಣ ಕಡತಗಳ ಓದು, ಹಾಗಾಗಿ ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಆ ತೋಳಿಗಾಗಿ ಕೈಕಟ್ಟಿ ಕಾಯುತ್ತಿರುತ್ತದೆ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಇರುವುದು ಚಿಪ್ಪುಗಳಲ್ಲಿ, ತಿರುಗುವುದು ಯಾವುದೂ ಇಲ್ಲವಾದ್ದರಿಂದ ಒಂದು ಓದಿಗೆ ಹಿಡಿಯುವ ಕಾಲ 0.1 ಮಿಲಿಸೆಕೆಂಡಿನ ಆಸುಪಾಸು. ನೂರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ ಇದು. ಹಳೆಯ ಕಂಪ್ಯೂಟರಿಗೆ ಮಾಡಬಹುದಾದ ಬೇರೆ ಯಾವ ಬದಲಾವಣೆಯೂ ಇದರ ಹತ್ತಿರ ಸುಳಿಯುವುದಿಲ್ಲ.

ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಮಾತ್ರ ಬೇರೆಯದೇ ಸಂಖ್ಯೆ. ಹಳೆಯ ಸಾಟಾ ಸಂಪರ್ಕದ ಮಾದರಿಯದು ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ ಹೊಸ ಸಂಪರ್ಕವಾದ ಎನ್‌ವಿಎಂಇಯ ಮೂರನೆಯ ತಲೆಮಾರಿನ ಮಾದರಿಯದು 3500ರವರೆಗೆ ಓದುತ್ತದೆ ಎಂಬ ಹೋಲಿಕೆಗೆ ಮರುಳಾಗಿ ಹೆಚ್ಚು ಹಣ ಕೊಡುವವರು ಬಹಳ ಮಂದಿ. ಆ ಅಂಕಿ ದೊಡ್ಡ ಕಡತಗಳನ್ನು ಒಂದೇ ಸಮನೆ ಓದುವಾಗಿನದು. ದಿನಬಳಕೆಯಲ್ಲಿ ಎರಡರ ನಡುವಿನ ಅಂತರವನ್ನು ಕಣ್ಣು ಗುರುತಿಸುವುದೇ ಕಷ್ಟ. ನಿಮ್ಮ ಯಂತ್ರಕ್ಕೆ ಯಾವುದು ಹೊಂದುತ್ತದೋ ಅದನ್ನು ಕೊಳ್ಳಿ, ಅಷ್ಟು ಸಾಕು.

ಹೊಂದುತ್ತದೆಯೇ ಎಂದು ನೋಡುವುದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಲ್ಯಾಪ್‌ಟಾಪ್ ಬಿಚ್ಚಿದಾಗ ಎಂ.2 ಸ್ಲಾಟ್ ಕಂಡಿತು. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿ ಅಲ್ಲಿ ಕೂರುತ್ತದೆ ಎಂದು ಅಳೆದು ಎನ್‌ವಿಎಂಇ ತರಿಸಿದೆ. ಪಟ್ಟಿ ಟಕ್ ಎಂದು ಕುಳಿತಿತು, ಸ್ಕ್ರೂ ಕೂಡ ಸರಿಯಾಗಿ ಬಿಗಿಯಾಯಿತು, ಆದರೆ ಬಯಾಸ್‌ನ (ವಿಂಡೋಸಿಗೂ ಮೊದಲು ಏಳುವ ಮೂಲ ತಂತ್ರಾಂಶದ) ಪಟ್ಟಿಯಲ್ಲಿ ಅದು ಕಾಣಿಸಲೇ ಇಲ್ಲ. ಎರಡು ಸಂಜೆ ಬಿಚ್ಚಿ ಜೋಡಿಸಿ ಸುಸ್ತಾದ ಮೇಲೆ ಕೈಪಿಡಿ ತೆರೆದು ನೋಡಿದರೆ ಆ ಸ್ಲಾಟಿಗೆ ಸಾಟಾ ಮಾತ್ರ ಬರುತ್ತದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಎಂ.2 ಎಂಬುದು ಆಕಾರದ ಹೆಸರು, ಅದರೊಳಗೆ ಯಾವ ಭಾಷೆ ಹರಿಯುತ್ತದೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಆದ್ದರಿಂದ ಮಾದರಿ ಸಂಖ್ಯೆ ಹಾಕಿ ತಯಾರಕರ ಸರ್ವಿಸ್ ಮ್ಯಾನುಯಲ್ ಓದಿದ ಮೇಲೆಯೇ ಆರ್ಡರ್ ಮಾಡಿ. ಎರಡೂವರೆ ಇಂಚಿನ ಡಿಸ್ಕ್ ಇರುವ ಯಂತ್ರಗಳಲ್ಲಿ ಈ ಗೊಂದಲವಿಲ್ಲ, ಸಾಟಾ ಎಸ್‌ಎಸ್‌ಡಿ ಅದೇ ಜಾಗಕ್ಕೆ ಹೋಗುತ್ತದೆ. ಹೆಚ್ಚಿನ ಎಸ್‌ಎಸ್‌ಡಿಗಳು 7 ಮಿಲಿಮೀಟರ್ ದಪ್ಪ ಇರುವುದರಿಂದ, ಹಳೆಯ ಡಿಸ್ಕ್ 9.5 ಮಿಲಿಮೀಟರಿನದಾಗಿದ್ದು ಹೊಸದು ಅಲುಗಾಡಿದರೆ ಮಧ್ಯೆ ಒಂದು ತೆಳು ಪ್ಲಾಸ್ಟಿಕ್ ಚೌಕಟ್ಟು ಕೂರಿಸಬೇಕಾಗುತ್ತದೆ.

ನಂಬಲಾಗದಷ್ಟು ಅಗ್ಗಕ್ಕೆ ಹಲವು ಟೆರಾಬೈಟ್ ಕೊಡುತ್ತೇವೆ ಎನ್ನುವ ಡ್ರೈವ್‌ಗಳಿಂದ ದೂರವಿರಿ. ಅವುಗಳಲ್ಲಿ ಅನೇಕವು ಒಳಗಿರುವ ಸಣ್ಣ ಚಿಪ್ಪನ್ನು ದೊಡ್ಡದೆಂದು ಸುಳ್ಳು ಹೇಳುವಂತೆ ತಿದ್ದಿದವು. ನಿಜವಾದ ಮಿತಿ ಮುಗಿದ ಮೇಲೆ ಬರೆದದ್ದೆಲ್ಲ ಸದ್ದಿಲ್ಲದೆ ಹಾಳಾಗುತ್ತದೆ. ಹೊಸ ಡ್ರೈವ್ ಬಂದ ದಿನವೇ ಖಾಲಿ ಇರುವಾಗ ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಉಪಕರಣದಿಂದ ಕೊನೆಯವರೆಗೂ ತುಂಬಿಸಿ ಓದಿ ನೋಡಿದರೆ ಸತ್ಯ ಹೊರಬರುತ್ತದೆ.

ಇನ್ನು ಬಿಚ್ಚುವ ಕೆಲಸ. ಅದಕ್ಕೂ ಮೊದಲು ಮಾಡಲೇಬೇಕಾದವು ಎರಡಿವೆ. ಹಳೆಯ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಥವಾ ಸ್ಮಾರ್ಟ್‌ಕಂಟ್ರೋಲ್‌ನಲ್ಲಿ ನೋಡಿ. ಅಲ್ಲಿ 5 ಎಂಬ ಗುರುತಿನ ಸಾಲು ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳದು, 197 (ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ C5) ಎಂಬ ಗುರುತಿನದು ಓದಲಾಗದೆ ಬಾಕಿ ಉಳಿದವುಗಳದು. ಈ ಎರಡರ ಕಚ್ಚಾ ಸಂಖ್ಯೆ ಸೊನ್ನೆಯಾಗಿರದೆ ದಿನೇ ದಿನೇ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿದು, ಇಡೀ ಡಿಸ್ಕಿನ ಪ್ರತಿ ತೆಗೆಯುವ ಸಾಹಸಕ್ಕೆ ಹೋಗದೆ, ಫೋಟೊ ಮತ್ತು ದಾಖಲೆಗಳನ್ನು ಮೊದಲು ಬೇರೆಡೆಗೆ ಸಾಗಿಸಿ. ಎರಡನೆಯದು ಬಿಟ್‌ಲಾಕರ್ ಕೀಲಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿರುತ್ತದೆ, ಬಳಸುವವರಿಗೆ ಅದರ ಸುಳಿವೂ ಇರುವುದಿಲ್ಲ. ಬಯಾಸ್‌ನಲ್ಲಿ ಏನನ್ನಾದರೂ ಬದಲಿಸಿದರೆ 48 ಅಂಕಿಯ ಕೀಲಿ ಕೇಳಿ ಪರದೆ ನಿಂತುಬಿಡಬಹುದು. ಆ ಕೀಲಿಯನ್ನು ಖಾತೆಯ ಪುಟದಿಂದ ಕಾಗದಕ್ಕೆ ಇಳಿಸಿಕೊಂಡು ಒಮ್ಮೆ ತಾಳೆ ನೋಡಿದ ಮೇಲೆ ಮುಂದುವರಿಯಿರಿ.

ಸ್ಕ್ರೂಗಳ ವಿಷಯದಲ್ಲಿ ನನ್ನದೊಂದು ಹಳೆಯ ಪದ್ಧತಿ ಇದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ತಳದ ಆಕಾರ ಬರೆದು, ಸ್ಕ್ರೂ ಇದ್ದ ಜಾಗದಲ್ಲೇ ರಟ್ಟಿಗೆ ತೂತು ಮಾಡಿ ಅದನ್ನು ಚುಚ್ಚಿಡುತ್ತೇನೆ. ಉದ್ದ ಗಿಡ್ಡ ಸ್ಕ್ರೂಗಳು ಬೆರೆತುಹೋಗಿ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿ, ಕೀಬೋರ್ಡಿನ ಕಡೆ ಗುಬುಟು ಎದ್ದು ನಿಂತ ಯಂತ್ರಗಳನ್ನು ನೋಡಿದವರಿಗೆ ಈ ರಟ್ಟಿನ ಬೆಲೆ ಗೊತ್ತು. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ. ಪಟ್ಟಿಯಂಥ ತೆಳು ಕೇಬಲ್‌ಗಳನ್ನು ಎಂದಿಗೂ ಎಳೆಯಬೇಡಿ. ಅವುಗಳ ತುದಿಯಲ್ಲಿ ಉಗುರಿನಷ್ಟು ಸಣ್ಣ ಕದವೊಂದು ಇರುತ್ತದೆ, ಅದನ್ನು ಮೇಲಕ್ಕೆ ಎತ್ತಿದರೆ ಕೇಬಲ್ ತಾನಾಗಿ ಜಾರಿ ಬರುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದನ್ನು ಒತ್ತುವುದು, ಚುಚ್ಚುವುದು, ಸ್ಕ್ರೂಡ್ರೈವರಿನಿಂದ ಮೀಟುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ.

ರ‍್ಯಾಮ್ ಹೆಚ್ಚಿಸುವುದು ಇದಕ್ಕಿಂತ ಸುಲಭ. ಇಂದಿನ ಬ್ರೌಸರ್‌ಗಳಿಗೆ 4 ಗಿಗಾಬೈಟ್ ಸಾಲದು, 8 ನೆಮ್ಮದಿಯಾಗಿ ಸಾಕು, 16 ಇದ್ದರೆ ಮರೆತುಬಿಡಬಹುದು. ಹಳೆಯ ತಲೆಮಾರಾದ ಡಿಡಿಆರ್3ರ ಪಟ್ಟಿಗೆ 204 ಪಿನ್, ನಂತರದ ಡಿಡಿಆರ್4ಕ್ಕೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಆದರೆ ಡಿಡಿಆರ್3 ಮತ್ತು ಡಿಡಿಆರ್3ಎಲ್ ನೋಡಲು ಒಂದೇ ಥರ ಇದ್ದರೂ ಮೊದಲನೆಯದು 1.5 ವೋಲ್ಟಿನದು, ಎರಡನೆಯದು 1.35 ವೋಲ್ಟಿನದು. ಇಂಟೆಲ್‌ನ ನಾಲ್ಕನೆಯ ತಲೆಮಾರಿನ ನಂತರದ ಹಲವು ಲ್ಯಾಪ್‌ಟಾಪ್‌ಗಳು ಎರಡನೆಯದನ್ನು ಮಾತ್ರ ಒಪ್ಪುತ್ತವೆ. ಹಾಕಿದ ರಾತ್ರಿ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಓಡಲು ಬಿಟ್ಟು ಮಲಗಿ. ಬೆಳಿಗ್ಗೆ ಒಂದು ತಪ್ಪು ಕಂಡರೂ ಆ ಪಟ್ಟಿಯನ್ನು ಹಿಂದಿರುಗಿಸಿ. ರ‍್ಯಾಮ್ ಸ್ವಚ್ಛಗೊಳಿಸುತ್ತೇವೆ ಎಂದು ಹೇಳಿಕೊಳ್ಳುವ ತಂತ್ರಾಂಶಗಳ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ. ಮತ್ತೆ ಬೇಕಾಗಬಹುದೆಂದು ವ್ಯವಸ್ಥೆ ಜಾಣತನದಿಂದ ಇಟ್ಟುಕೊಂಡದ್ದನ್ನು ಅವು ಹೊರಗೆಸೆಯುತ್ತವೆ, ಮರುಕ್ಷಣ ಅದನ್ನೇ ಡಿಸ್ಕಿನಿಂದ ಮತ್ತೆ ತರಬೇಕಾಗುತ್ತದೆ.

ಬಿಸಿಯ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುವ ಧೂಳನ್ನು ತೆಗೆದರೆ ಹೆಚ್ಚಿನ ಯಂತ್ರಗಳು ತಣ್ಣಗಾಗುತ್ತವೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ, ಪ್ರೊಸೆಸರಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಒರೆಸಿ ಬಟಾಣಿಗಿಂತ ಚಿಕ್ಕದೊಂದು ಹನಿ ಹಾಕಿ.

ಈಗ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ಕೀಲಿಗಳನ್ನು ಪ್ರತ್ಯೇಕ ಚಿಪ್ಪಿನಲ್ಲಿ ಕಾಪಾಡುವುದು ಒಳ್ಳೆಯ ವಿಚಾರವೇ ಎಂದು ಒಪ್ಪುತ್ತೇನೆ. ಆದರೂ ಗಟ್ಟಿಮುಟ್ಟಾಗಿರುವ ಕೋಟ್ಯಂತರ ಯಂತ್ರಗಳನ್ನು ಒಂದು ಪಟ್ಟಿಯಿಂದ ಹೊರಗಿಟ್ಟು ಮೂಲೆಗೆ ತಳ್ಳಿದ್ದು ನನಗೆ ಸರಿಕಂಡಿಲ್ಲ. ಈ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕುವ ಉಪಾಯಗಳಿವೆ. ನನ್ನ ಪ್ರಯೋಗದ ಯಂತ್ರದಲ್ಲಿ ಅದನ್ನು ಮಾಡುತ್ತೇನೆಯೇ ಹೊರತು, ಬೇರೆಯವರು ನಂಬಿ ಕೊಟ್ಟ ಯಂತ್ರದಲ್ಲಿ ಮಾಡುವುದಿಲ್ಲ. ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ಏನಾದೀತು ಎಂಬ ಹೊಣೆ ಹೊರುವವರು ಯಾರು?

ಅಂಥ ಯಂತ್ರಗಳಿಗೆ ನಾನು ಹಾಕುವುದು ವಿಂಡೋಸಿನ ಬದಲು ಬಳಸಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ. ಇದನ್ನು ಇನ್‌ಸ್ಟಾಲ್ ಮಾಡದೆಯೇ ಪರೀಕ್ಷಿಸಬಹುದು ಎಂಬುದು ಹೊಸಬರಿಗೆ ದೊಡ್ಡ ಅನುಕೂಲ. ಐಎಸ್ಒ ಕಡತವನ್ನು ಡೌನ್‌ಲೋಡ್ ಮಾಡಿ, ರೂಫಸ್ ಅಥವಾ ವೆಂಟಾಯ್ ಬಳಸಿ ಪೆನ್ ಡ್ರೈವಿಗೆ ಇಳಿಸಿ, ಕಂಪ್ಯೂಟರ್ ಏಳುವಾಗ ಎಫ್12 ಅಥವಾ ನಿಮ್ಮ ಯಂತ್ರಕ್ಕೆ ನಿಗದಿಯಾದ ಕೀಲಿ ಒತ್ತಿ ಪೆನ್ ಡ್ರೈವ್ ಆಯ್ಕೆ ಮಾಡಿದರೆ ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ವೈಫೈ, ಧ್ವನಿ, ಕ್ಯಾಮೆರಾ ಮತ್ತು ಪ್ರಿಂಟರನ್ನು ಒಂದೊಂದಾಗಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ನಿದ್ದೆಯಿಂದ ಸರಿಯಾಗಿ ಏಳುತ್ತದೆಯೇ ಎಂದು ಎರಡು ಮೂರು ಸಲ ಪರೀಕ್ಷಿಸಿ, ಏಕೆಂದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್ ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ಕನ್ನಡ ಟೈಪಿಂಗ್ ಬೇಕಿದ್ದರೆ ಐಬಸ್ ಜೊತೆಗೆ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಕೆಜಿಪಿ ಮತ್ತು ಇನ್‌ಸ್ಕ್ರಿಪ್ಟ್ ಎರಡೂ ವಿನ್ಯಾಸಗಳು ಸಿಗುತ್ತವೆ. 32 ಬಿಟ್ಟಿನ ಪ್ರೊಸೆಸರ್ ಮಾತ್ರ ಇರುವ ತೀರಾ ಹಳೆಯ ಯಂತ್ರಕ್ಕೆ ಈ ದಾರಿಯೂ ಮುಚ್ಚುತ್ತ ಬಂದಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು.

ಬ್ರೌಸರಿನ ಬಗ್ಗೆ ನನಗಿರುವ ಅಸಮಾಧಾನ ಹಳೆಯದು. ಯಂತ್ರಾಂಶ ಎಷ್ಟು ಬೇಗ ಚುರುಕಾಗುತ್ತದೋ ಅದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು ಕಂಪ್ಯೂಟರ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು, ಇಂದಿನ ಜಾಲತಾಣಗಳನ್ನು ನೋಡಿದರೆ ಆ ಮಾತು ಇನ್ನೂ ಮೆದುವಾಯಿತೇನೋ ಅನ್ನಿಸುತ್ತದೆ. ಒಂದು ಪುಟದ ಸುದ್ದಿ ಓದಲು ಹೋದರೆ ಕುಕೀ ಒಪ್ಪಿಗೆಯ ಫಲಕ, ತಾನಾಗಿ ಓಡುವ ವಿಡಿಯೊ, ಹಿಂಬಾಲಿಸುವ ಹತ್ತಾರು ಸ್ಕ್ರಿಪ್ಟ್‌ಗಳು ಮೊದಲು ಬಂದು ಕೂರುತ್ತವೆ, ಸುದ್ದಿ ಕೊನೆಗೆ ಬರುತ್ತದೆ. ಹಳೆಯ ಯಂತ್ರ ತತ್ತರಿಸುವುದು ಆ ಸುದ್ದಿಯ ಅಕ್ಷರಗಳಿಂದಲ್ಲ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಎಂಬ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ ಅದೇ ಪುಟವನ್ನು ಮತ್ತೆ ತೆರೆದು ನೋಡಿ, ವ್ಯತ್ಯಾಸಕ್ಕೆ ಸ್ಟಾಪ್‌ವಾಚ್ ಬೇಕಾಗುವುದಿಲ್ಲ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್‌ಗಳ ನಿಯಮವನ್ನು ಮ್ಯಾನಿಫೆಸ್ಟ್ ವಿ3ಕ್ಕೆ ಬದಲಿಸಿದ ಮೇಲೆ ಅಲ್ಲಿ ಈ ಎಕ್ಸ್‌ಟೆನ್ಶನ್ನಿನ ಕಡಿಮೆ ಶಕ್ತಿಯ ಲೈಟ್ ಆವೃತ್ತಿ ಮಾತ್ರ ಉಳಿದಿದೆ. ಹಳೆಯ ಯಂತ್ರಕ್ಕೆ ನಾನು ಫೈರ್‌ಫಾಕ್ಸನ್ನೇ ಆರಿಸಲು ಇದೇ ಕಾರಣ.

ವಿಡಿಯೊ ನೋಡುವಾಗ ಮಾತ್ರ ಫ್ಯಾನ್ ಕಿರುಚುತ್ತದೆ ಎನ್ನುವವರು ಇನ್ನೊಂದು ಸಂಗತಿ ತಿಳಿಯಬೇಕು. ಯುಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು ವಿಪಿ9 ಅಥವಾ ಎವಿ1 ವಿಧಾನದಲ್ಲಿ ಕುಗ್ಗಿಸಿದ ವಿಡಿಯೊ. ಇವು ಡೇಟಾ ಉಳಿಸುತ್ತವೆ ನಿಜ, ಆದರೆ ಹಳೆಯ ಗ್ರಾಫಿಕ್ಸ್ ಚಿಪ್ಪಿಗೆ ಇವನ್ನು ಬಿಡಿಸಲು ಬರುವುದಿಲ್ಲವಾದ್ದರಿಂದ ಪೂರ್ತಿ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಎಚ್.264 ಆದರೆ ಅದೇ ಹಳೆಯ ಚಿಪ್ ಅನಾಯಾಸವಾಗಿ ಬಿಡಿಸುತ್ತದೆ. ಎಚ್264ಇಫೈ ಎಂಬ ಪುಟ್ಟ ಎಕ್ಸ್‌ಟೆನ್ಶನ್ ಹಾಕಿದರೆ ಯುಟ್ಯೂಬ್ ಈ ಹಳೆಯ ವಿಧಾನದಲ್ಲೇ ವಿಡಿಯೊ ಕಳಿಸುತ್ತದೆ. 1080ಪಿಗಿಂತ ಹೆಚ್ಚಿನ ಗುಣಮಟ್ಟ ಆಗ ಸಿಗುವುದಿಲ್ಲ. ಹದಿನೈದು ಇಂಚಿನ ಪರದೆಗೆ ಅದರ ಅಗತ್ಯವೂ ಇಲ್ಲ.

ಚಾಟ್ ಮತ್ತು ಟಿಪ್ಪಣಿಯ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡುವ ಬದಲು ಬ್ರೌಸರಿನ ಟ್ಯಾಬ್‌ನಲ್ಲಿಯೇ ತೆರೆಯಿರಿ. ಅವುಗಳಲ್ಲಿ ಬಹಳಷ್ಟು ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಮಾಡಿದವು, ಅಂದರೆ ಪ್ರತಿಯೊಂದೂ ತನ್ನದೇ ಒಂದು ಕ್ರೋಮಿಯಂ ಬ್ರೌಸರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ಮೂರು ಆ್ಯಪ್ ತೆರೆದರೆ ಮೂರು ಬ್ರೌಸರ್‌ಗಳನ್ನು ಸಾಕಿದಂತಾಗುತ್ತದೆ. ಎಐ ಕಂಪ್ಯೂಟರ್ ಎಂಬ ಹೆಸರಿನ ಮಾರಾಟಕ್ಕೂ ಇದೇ ಅಳತೆಗೋಲು ಹಿಡಿಯಬೇಕು. ಕೋಪೈಲಟ್ ಪ್ಲಸ್ ಎಂಬ ಪಟ್ಟ ಸಿಗಲು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡುವ ಎನ್‌ಪಿಯು (ಎಐ ಲೆಕ್ಕಗಳಿಗೆಂದೇ ಇರುವ ಪ್ರೊಸೆಸರ್) ಮತ್ತು 16 ಗಿಗಾಬೈಟ್ ರ‍್ಯಾಮ್ ಬೇಕೆಂದು 2024ರಲ್ಲಿ ಮೈಕ್ರೋಸಾಫ್ಟ್ ನಿಗದಿ ಮಾಡಿತು. ಆದರೆ ಜನ ದಿನವೂ ಪ್ರಶ್ನೆ ಕೇಳುವ ಎಐ ಸೇವೆಗಳಲ್ಲಿ ಹೆಚ್ಚಿನವು ದೂರದ ಸರ್ವರ್‌ಗಳಲ್ಲಿ ನಡೆಯುತ್ತವೆ, ಉತ್ತರದ ಅಕ್ಷರ ತೋರಿಸುವುದಕ್ಕೆ ಹತ್ತು ವರ್ಷದ ಲ್ಯಾಪ್‌ಟಾಪೂ ಸಾಕು. ಮಾದರಿಗಳನ್ನು ತಮ್ಮ ಯಂತ್ರದಲ್ಲಿಯೇ ಓಡಿಸಬೇಕೆನ್ನುವವರ ಮಾತು ಬೇರೆ.

ರಿಪೇರಿ ಬೇಡ ಎನ್ನುವ ಸಂದರ್ಭಗಳೂ ಇವೆ. 2 ಗಿಗಾಬೈಟ್ ರ‍್ಯಾಮ್ ಮತ್ತು 32 ಗಿಗಾಬೈಟಿನ ಇಎಂಎಂಸಿ (ಡಿಸ್ಕಿನ ಬದಲಿಗೆ ಇರುವ ಸಂಗ್ರಹದ ಚಿಪ್) ಎರಡನ್ನೂ ಬೋರ್ಡಿಗೇ ಬೆಸುಗೆ ಹಾಕಿದ ಅಗ್ಗದ ಯಂತ್ರದಲ್ಲಿ ಬದಲಿಸಲು ಏನೂ ಇರುವುದಿಲ್ಲ. ಕೀಲು ಮುರಿದು ಪರದೆಯೂ ಒಡೆದು ಬ್ಯಾಟರಿಯೂ ಉಬ್ಬಿದ್ದರೆ ಮೂರರ ವೆಚ್ಚ ಕೂಡಿಸಿ ನೋಡಿ, ಬಹುಶಃ ಬಿಟ್ಟುಬಿಡುವುದೇ ಮೇಲು. ವಿಡಿಯೊ ಎಡಿಟಿಂಗ್ ಅಥವಾ ಹೊಸ ಆಟಗಳು ನಿಮ್ಮ ಉದ್ದೇಶವಾಗಿದ್ದರೆ ಹಳೆಯ ಪ್ರೊಸೆಸರಿಗೆ ಎಸ್‌ಎಸ್‌ಡಿ ಹಾಕಿ ಪ್ರಯೋಜನವಿಲ್ಲ.

ಹೊರತೆಗೆದ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನು ಯುಎಸ್‌ಬಿ ಕೇಸಿನೊಳಗೆ ಹಾಕಿ ಬ್ಯಾಕಪ್‌ಗೆ ಬಳಸಿ; ಸದಾ ಸಿಕ್ಕಿಸಿಡದೆ ವಾರಕ್ಕೊಮ್ಮೆ ಪ್ರತಿ ತೆಗೆದು ಎತ್ತಿಡಿ. ಬೇರೆಯವರಿಗೆ ಕೊಡುವುದಾದರೆ ಡಿಲೀಟ್ ಮಾಡಿದರೆ ಸಾಲದು, ಡಿಸ್ಕಿನ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಸೊನ್ನೆ ಬರೆಯಬೇಕು. ಎಸ್‌ಎಸ್‌ಡಿಗೆ ಈ ವಿಧಾನ ನಂಬುವಂಥದ್ದಲ್ಲ, ಅದಕ್ಕೆ ತಯಾರಕರು ಕೊಡುವ ಸೆಕ್ಯೂರ್ ಇರೇಸ್ ಆಜ್ಞೆ ಬಳಸಬೇಕು.

ಎಲ್ಲ ಮುಗಿದ ಮೇಲೆ ಆರಂಭದಲ್ಲಿ ಮಾಡಿದಂತೆಯೇ ರೀಸ್ಟಾರ್ಟ್ ಮಾಡಿ, ಅದೇ ಪುಟ ತೆರೆಯುವವರೆಗಿನ ಹೊತ್ತನ್ನು ಅಳೆದು ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ. ಅಂಕಿ ಇಳಿಯದಿದ್ದರೆ ರೋಗ ಬೇರೆಡೆ ಇದೆ ಎಂದು ಟಾಸ್ಕ್ ಮ್ಯಾನೇಜರಿಗೆ ಹಿಂದಿರುಗಬೇಕು. ಇಳಿದಿದ್ದರೆ ಆ ಚೀಟಿಯಲ್ಲಿ ಹಾಕಿದ ಭಾಗದ ಹೆಸರು ಮತ್ತು ದಿನಾಂಕ ಸೇರಿಸಿ, ತಳದ ಮುಚ್ಚಳದ ಒಳಮೈಗೆ, ಫ್ಯಾನಿನ ಗಾಳಿಗೆ ಅಡ್ಡ ಬಾರದ ಜಾಗದಲ್ಲಿ, ಟೇಪಿನಿಂದ ಅಂಟಿಸಿ ಮುಚ್ಚಳ ಹಾಕಿ. ಮುಂದಿನ ಸಲ ಅದನ್ನು ಬಿಚ್ಚುವವರು ಮತ್ತೆ ನೀವೇ ಆಗಿದ್ದರೂ ಯಾವ ರ‍್ಯಾಮ್ ಹಾಕಿದ್ದೆ ಎಂಬುದು ಆ ಹೊತ್ತಿಗೆ ಖಂಡಿತ ಮರೆತಿರುತ್ತದೆ.